ಹಸಿರು ದೀಪದ ಚಾಪೆ

ಹುಲಿಗಿ ಚಾಪೆಯ ಮೇಲೆ ನಿಂತಳು. ಚಾಪೆಯ ಅಂಚಿನಲ್ಲಿದ್ದ ದೀಪ ಒಂದು ಗಳಿಗೆ ಮಿನುಗಿ ಹಸಿರಾಯಿತು.

ನೀಲಗಂಗವ್ವ ದೀಪವನ್ನೊಮ್ಮೆ ನೋಡಿದಳು, ಹುಡುಗಿಯನ್ನೊಮ್ಮೆ ನೋಡಿದಳು. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ಅವಳು. ಮಗುವಿನ ರಟ್ಟೆ ಹಿಡಿದರೆ ಸಾಕು, ತೂಕ ಇಷ್ಟು ಎಂದು ಹೇಳಿಬಿಡುವ ಕೈ ಅವಳದು. ಹುಲಿಗಿಗೆ ನಾಲ್ಕು ವರ್ಷ ತುಂಬಿ ಎರಡು ತಿಂಗಳಾಗಿತ್ತು. ತೂಕ ಹತ್ತೂವರೆ ಕೆಜಿ. ಹೋದ ವಾರಕ್ಕಿಂತ ಕಾಲು ಕೆಜಿ ಕಡಿಮೆ. ಕೂದಲು ಕೆಂಚಗಾಗಿತ್ತು, ಪಾದ ಸ್ವಲ್ಪ ಊದಿತ್ತು. ತುಂಟತನ ಮಾಡಿ ಪೆಟ್ಟು ತಿನ್ನುತ್ತಿದ್ದ ಹುಡುಗಿ ಈಗ ನಿಲ್ಲಿಸಿದ ಕಡೆ ನಿಂತಿದ್ದಳು. ನೀಲಗಂಗವ್ವನಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ಇನ್ನೊಂದ್ಸಲ ನಿಲ್ಲಸೂಣೇನಕ್ಕಾ?" ಎಂದಳು ಸಹಾಯಕಿ ಹುಸೇನಬಿ. "ಸೋಮವಾರ ಮುಂಜಾನಿ, ಚಾಪಿಗೂ ನಿದ್ದಿಗಣ್ಣು ಇರಬಹುದು."

ಇನ್ನೊಮ್ಮೆ ನಿಲ್ಲಿಸಿದರು. ದೀಪ ಮತ್ತೆ ಹಸಿರಾಯಿತು.

ಚಾಪೆಗೆ ಸರ್ಕಾರ ಇಟ್ಟ ಹೆಸರು 'ಮೊಳಕೆ'. ನೋಡಲು ಸಾದಾ ನೀಲಿ ರಬ್ಬರು ಹಾಸು, ಒಳಗೆ ಕೂದಲೆಳೆಗಿಂತ ಸಣ್ಣ ತಂತಿಗಳ ಬಲೆ. ಮಗು ನಿಂತರೆ ತೂಕ ತಿಳಿಯುತ್ತದೆ, ನಡೆದರೆ ಕಾಲಿನ ಬಲ, ಕೂತರೆ ನಾಡಿ, ಮಲಗಿದರೆ ಉಸಿರು. ಹಾಡು ಹೇಳಿಸಿದರೆ ಎಷ್ಟು ಮಾತು ಕಲಿತಿದೆ ಎಂಬುದನ್ನೂ ಬರೆದುಕೊಳ್ಳುತ್ತದೆ. ಇದೆಲ್ಲ ವಿಭಾಗ ಕೇಂದ್ರದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಅಲ್ಲಿರುವ ಯಂತ್ರ ರಾಜ್ಯದ ಅಂಗನವಾಡಿಗಳ ಮೂವತ್ತು ವರ್ಷದ ಪುಸ್ತಕಗಳನ್ನು, ಅಂದರೆ ನಲವತ್ತು ಲಕ್ಷ ಮಕ್ಕಳ ಬಾಲ್ಯವನ್ನು, ಓದಿಕೊಂಡಿದೆ. ಪ್ರತಿ ಮಗುವಿನ ಬಗ್ಗೆಯೂ ಅದು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇನ್ನು ಆರು ತಿಂಗಳಿಗೆ ಈ ಮಗು ಏನಾಗಿರುತ್ತದೆ?

ಉತ್ತರ ಕೆಟ್ಟದ್ದಾದರೆ ದೀಪ ಕೆಂಪಾಗುತ್ತದೆ. ಕೆಂಪಾಯಿತೋ, ಯಾರೂ ಯಾರ ಕಾಲೂ ಹಿಡಿಯಬೇಕಿಲ್ಲ. ಎರಡು ಗಂಟೆಯೊಳಗೆ ನರ್ಸ್ ಸಮೇತ ಗಾಡಿ ಬಾಗಿಲಿಗೆ ಬರುತ್ತದೆ. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಂಚ ಕಾಯುತ್ತಿರುತ್ತದೆ. ಕೆಂಪಾಗದಿದ್ದರೆ ಇವು ಯಾವುವೂ ಇಲ್ಲ.

ಹಿಂದೆ ಗೋಡೆಗೆ ತೂಕದ ಪಟ್ಟಿ ಹಾಕಿರುತ್ತಿದ್ದರು. ಅದರ ಕೆಂಪು ಗೆರೆಗಿಂತ ಕೆಳಗಿದ್ದವರೆಲ್ಲ ಅಪಾಯದಲ್ಲಿದ್ದಾರೆಂದು ಲೆಕ್ಕ. ತಜ್ಞರು ಅದನ್ನು ತೆಗೆಸಿದರು. ಸೊರಗಿದ ಮಕ್ಕಳು ಬಹಳ, ಮಂಚಗಳು ಕೆಲವೇ. ಸೊರಗಿದವರೆಲ್ಲ ಬೀಳುವುದಿಲ್ಲ, ಬೀಳುವವರನ್ನು ಮೊದಲೇ ಗುರುತಿಸಬೇಕು ಎಂದರು. ಮಾತು ಸರಿಯಾಗಿಯೇ ಇತ್ತು. ಚಾಪೆ ಬಂದ ದಿನ ನೀಲಗಂಗವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದಿದ್ದಳು. ಹುಸೇನಬಿಯ ಮೊಮ್ಮಗನ ಹೃದಯದಲ್ಲಿ ತೂತಿದೆ ಎಂದು ಮೊದಲು ಕೂಗಿ ಹೇಳಿದ್ದೇ ಈ ಚಾಪೆ. ಆ ಹುಡುಗ ಈಗ ಅಕ್ಕಿ ಗಿರಣಿಯ ಅಂಗಳದಲ್ಲಿ ಗಾಳಿಪಟ ಹಾರಿಸುತ್ತಾನೆ. ಅಂಥ ಚಾಪೆಯನ್ನು ನಂಬದೆ ಇರುವುದು ಹೇಗೆ?

ಮಧ್ಯಾಹ್ನ ಮಕ್ಕಳಿಗೆ ಉಣ್ಣಿಸಿ ಮಲಗಿಸಿದ ಮೇಲೆ ಅವಳು ಹುಲಿಗಿಯನ್ನು ಎತ್ತಿಕೊಂಡು ಹಮಾಲರ ಓಣಿಗೆ ನಡೆದಳು. ಗಿರಣಿ ಕ್ಯಾಂಪ್ ಎಂಬ ಈ ಊರಿನಲ್ಲಿ ಹನ್ನೆರಡು ಅಕ್ಕಿ ಗಿರಣಿಗಳಿವೆ. ಅವುಗಳ ಗೋಡೆಗೆ ಒತ್ತಿಕೊಂಡೇ ಈ ಓಣಿ. ಗಾಳಿ ಬಂದರೆ ತೌಡಿನ ಧೂಳು ಮನೆಯೊಳಗೆ, ನೀರು ಬಂದರೆ ಕಾಲುವೆಯ ಕೆಂಪು ಕೆಸರು ಕೊಡದೊಳಗೆ. ರಾಜ್ಯಕ್ಕೆಲ್ಲ ಅಕ್ಕಿ ಕಳಿಸುವ ಊರಿನಲ್ಲಿ ಮಕ್ಕಳು ನುಚ್ಚಿನ ಗಂಜಿ ಕುಡಿದು ಬೆಳೆಯುತ್ತವೆ. ಹುಲಿಗಿಯ ಅಪ್ಪ ಯಮನೂರ ಹಮಾಲಿ, ಮೂಟೆ ಹೊರುತ್ತಾನೆ. ಅವ್ವ ಮಾರೆಮ್ಮ ಗಿರಣಿಯ ಅಂಗಳದಲ್ಲಿ ಭತ್ತ ಒಣಗಿಸುತ್ತಾಳೆ. ಮೂರು ವಾರದಿಂದ ಹುಲಿಗಿಗೆ ಭೇದಿ ನಿಲ್ಲುತ್ತಿರಲಿಲ್ಲ.

ಮಾರೆಮ್ಮ ಊಟಕ್ಕೆಂದು ಮನೆಗೆ ಬಂದಿದ್ದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಮಗಳನ್ನು ಇಸಿದುಕೊಂಡಳು.

"ಚಾಪಿ ಹಸಿರಾತಂತಲ್ರಿ ಅಕ್ಕೋರ. ಹುಸೇನಬಿ ಹೇಳಿದ್ಲು. ಎದಿ ಮ್ಯಾಗಿನ ಭಾರ ಇಳಿದಂಗಾತು."

"ಚಾಪಿ ಮಾತು ಬಿಡು ಮಾರೆವ್ವ. ಕೂಸಿನ ಮುಖ ನೋಡು."

"ದಿನಾ ನೋಡ್ತೀನ್ರಿ. ದಿನಾ ನೋಡಿದ್ರ ಏನೂ ತಿಳಿಯಂಗಿಲ್ಲ. ಅದಕ್ಕ ಚಾಪಿ ಏನಂತೈತಿ ಅಂತ ಕೇಳ್ತೀನಿ. ಹುಸೇನಬಿ ಮೊಮ್ಮಗನ್ನ ಉಳಿಸಿದ್ದು ಅದ ಅಲ್ಲೇನ್ರಿ?"

ಈ ಓಣಿಯ ಒಂದೊಂದು ಮನೆಗೂ ಹೋಗಿ, ಚಾಪೆಯನ್ನು ನಂಬಿರಿ, ನಿಮ್ಮ ಕಣ್ಣು ತಪ್ಪಬಹುದು ಅದು ತಪ್ಪುವುದಿಲ್ಲ ಎಂದು ಹೇಳಿಕೊಟ್ಟವಳು ನೀಲಗಂಗವ್ವನೇ. ಮಾರೆಮ್ಮನ ಬೆನ್ನಿಗೆ ಅಂಟಿಕೊಂಡು ಕೂತಿದ್ದ ಚಿಕ್ಕ ಮಗ ಗಾದಿಲಿಂಗ ಅಕ್ಕನ ಬಾಯಿಗೆ ಗಂಜಿಯ ಚಮಚ ಹಿಡಿಯುತ್ತಿದ್ದ. ಅವನಿಗೆ ಮುಂದಿನ ತಿಂಗಳು ಮೂರು ತುಂಬುತ್ತಿತ್ತು.

ಮರುದಿನ ನೀಲಗಂಗವ್ವ, ಮಾರೆಮ್ಮ, ಹುಲಿಗಿ ಮೂವರೂ ತಾಲೂಕು ಆಸ್ಪತ್ರೆಗೆ ಹೋದರು. ಚಿಕ್ಕ ವಯಸ್ಸಿನ ಡಾಕ್ಟರು ಒಳ್ಳೆಯವನೇ. ಹುಲಿಗಿಯ ಪಾದ ಒತ್ತಿ ನೋಡಿದ, ಮುಖ ಸಣ್ಣದು ಮಾಡಿದ, ಆಮೇಲೆ ಪರದೆ ನೋಡಿದ.

"ಅಮ್ಮ, ಹಸಿರು ತೋರಿಸ್ತಿದೆ. ಹಸಿರು ಇರೋ ಮಗುವನ್ನ ನಾನು ದೊಡ್ಡಾಸ್ಪತ್ರೆಗೆ ಬರೆದರೂ ಅವರು ತಗೊಳ್ಳಲ್ಲ. ಅಲ್ಲಿ ಮಂಚ ತೆರೆಯೋದೇ ಕೆಂಪು ಬಂದಾಗ." ಉಪ್ಪು ಸಕ್ಕರೆಯ ಪುಡಿ, ಒಂದು ಬಾಟಲಿ ಔಷಧಿ ಕೊಟ್ಟ. "ಒಂದು ವಾರ ನೋಡೋಣ."

ಒಂದು ವಾರ ನೋಡುವ ಮಾತು ನೀಲಗಂಗವ್ವನಿಗೆ ಹಿಡಿಸಲಿಲ್ಲ. ಬುಧವಾರ ಅವಳು ಚಾಪೆಯನ್ನೇ ಯಾಮಾರಿಸಲು ಕೂತಳು. ಹುಲಿಗಿಯ ಕಾಲುಗೆಜ್ಜೆ ತೆಗೆದಳು, ಉಡಿದಾರ ಬಿಚ್ಚಿದಳು, ಲಂಗ ಕಳಚಿದಳು. ಇನ್ನೂರು ಗ್ರಾಂ ಕಡಿಮೆಯಾಯಿತು, ದೀಪ ಹಸಿರೇ. ಕಂಕುಳಿಗೆ ಎರಡು ಬೆರಳು ಕೊಟ್ಟು ಚೂರು ಮೇಲೆತ್ತಿದಳು. "ದಯವಿಟ್ಟು ಕೈ ತೆಗೆಯಿರಿ" ಎಂದಿತು ಚಾಪೆ. ಒಂದು ಕಾಲು ಹೊರಗಿಡಿಸಿದಳು. "ಮಗುವನ್ನು ಸರಿಯಾಗಿ ನಿಲ್ಲಿಸಿ. ಇದು ಎರಡನೆಯ ಎಚ್ಚರಿಕೆ" ಎಂದಿತು.

"ನಿನ್ನ ಬಾಯಿಗೆ ಮಣ್ಣು ಹಾಕಾ" ಎಂದು ಹುಸೇನಬಿ ಚಾಪೆಗೆ ಬೈದಳು. ಮಕ್ಕಳು ನಕ್ಕವು. ಹುಲಿಗಿ ಬರಿಮೈಯಲ್ಲಿ ನಡುಗುತ್ತ ನಿಂತಿದ್ದಳು. ನೀಲಗಂಗವ್ವ ನಾಚಿಕೆಯಿಂದ ಅವಳಿಗೆ ಬಟ್ಟೆ ತೊಡಿಸಿದಳು.

ಗುರುವಾರ ಅಂಗನವಾಡಿಯನ್ನು ಹುಸೇನಬಿಗೆ ಒಪ್ಪಿಸಿ, ಬೆಳಿಗ್ಗೆ ಆರರ ಬಸ್ಸು ಹಿಡಿದು ನಾಲ್ಕು ಗಂಟೆ ದಾರಿಯ ವಿಭಾಗ ಕೇಂದ್ರಕ್ಕೆ ಹೋದಳು.

ನಿಯಂತ್ರಣ ಕೊಠಡಿ ತಣ್ಣಗಿತ್ತು. ಗೋಡೆ ತುಂಬ ಜಿಲ್ಲೆಗಳ ನಕಾಶೆ, ಅದರ ತುಂಬ ಹಸಿರು ಚುಕ್ಕಿ. ಅಲ್ಲೊಂದು ಇಲ್ಲೊಂದು ಕೆಂಪು. ಎರಡು ವರ್ಷದಲ್ಲಿ ಕೆಂಪು ಮೂರರಲ್ಲೊಂದು ಪಾಲಿಗೆ ಇಳಿದಿದೆ, ಅಂದರೆ ಮಕ್ಕಳ ಹಸಿವೆ ಅಷ್ಟು ಇಳಿದಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದರು. ಬಾಗಿಲಲ್ಲೇ ಮುಕ್ಕಾಲು ಗಂಟೆ ನಿಂತ ಮೇಲೆ ಕೃತ್ತಿಕಾ ಎಂಬ ಎಂಜಿನಿಯರ್ ಹುಡುಗಿ ಬಂದು ಅವಳನ್ನು ಒಳಗೆ ಕರೆದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಅಂಗನವಾಡಿಯ ಟೀಚರೊಬ್ಬರು ಇಷ್ಟು ದೂರ ಬಂದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಚಾಪೆ ಕೆಟ್ಟಿಲ್ಲ ಅಮ್ಮ, ನೋಡಿದೆ," ಎಂದಳು ಕೃತ್ತಿಕಾ ಹುಲಿಗಿಯ ಪುಟ ತೆರೆದು. "ತೂಕ ಸರಿಯಾಗೇ ಬಂದಿದೆ. ಕಾಲಿನ ಬಲ ಕಡಿಮೆಯಾಗಿರೋದೂ ಬಂದಿದೆ."

"ಮತ್ತ ಹಸಿರು ಯಾಕ ಹತ್ತತೈತ್ರಿ?"

"ಈ ಮಗುವಿನ ಥರಾನೇ ಇದ್ದ ಮಕ್ಕಳನ್ನ ಅದು ಹಳೇ ಪುಸ್ತಕಗಳಲ್ಲಿ ಹುಡುಕುತ್ತೆ. ಇದೇ ವಯಸ್ಸು, ಇದೇ ತೂಕ, ಇಂಥದೇ ಮನೆ. ಎಂಟು ಸಾವಿರ ಮಕ್ಕಳು ಸಿಕ್ಕಿದಾರೆ. ಅವರಲ್ಲಿ ಹೆಚ್ಚಿನವರು ಮುಂದಿನ ತಿಂಗಳೇ ಅರ್ಧ ಕೆಜಿ ತೂಕ ಹಾಕಿದಾರೆ. ಅದರ ಮುಂದಿನ ತಿಂಗಳು ಇನ್ನರ್ಧ. ಸ್ವಲ್ಪ ಜನ ಊರು ಬಿಟ್ಟು ವಲಸೆ ಹೋಗಿದಾರೆ. ಸತ್ತವರು ಮೂರೇ ಮಕ್ಕಳು. ಹಾಗಾಗಿ ಈ ಮಗು ಚೆನ್ನಾಗಿರೋ ಸಾಧ್ಯತೆ ನೂರಕ್ಕೆ ತೊಂಬತ್ತಮೂರೂವರೆ."

ನೀಲಗಂಗವ್ವ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು.

"ಆ ಹಳೇ ಪುಸ್ತಕ ನನಗ ತೋರಸ್ತೀರೇನವ್ವಾ? ನಮ್ಮ ಕ್ಯಾಂಪಿಂದು?"

ಕೃತ್ತಿಕಾ ಹುಡುಕಿ ಒಂದು ಪುಟ ತೆಗೆದಳು. ಹತ್ತೊಂಬತ್ತು ವರ್ಷ ಹಿಂದಿನದು. ಗೆರೆ ಹೊಡೆದ ಹಳದಿ ಹಾಳೆ, ದುಂಡನೆಯ ಪೆನ್ಸಿಲ್ ಅಕ್ಷರ. ಆ ಅಕ್ಷರ ನೀಲಗಂಗವ್ವನದೇ. 'ಪಾರವ್ವ, ನಾಲ್ಕು ವರ್ಷ.' ಜೂನ್, ಹತ್ತೂವರೆ. ಜುಲೈ, ಹನ್ನೊಂದು. ಆಗಸ್ಟ್, ಹನ್ನೊಂದೂವರೆ. ಸೆಪ್ಟೆಂಬರ್, ವಲಸೆ.

ಪಾರವ್ವ ಎಲ್ಲಿಗೂ ಹೋಗಿರಲಿಲ್ಲ. ಕಾಲುವೆ ದಂಡೆಯ ಜಾಲಿಗಿಡದ ಪಕ್ಕ ಅವಳನ್ನು ಮಣ್ಣು ಮಾಡಿದಾಗ ನೀಲಗಂಗವ್ವ ಅಲ್ಲೇ ನಿಂತಿದ್ದಳು.

"ಇದು ಸುಳ್ಳೈತ್ರಿ," ಎಂದಳು. "ನಾನ ಬರದದ್ದು."

ಮೊದಲು ಅವಳು ಹಾಗೆ ಬರೆದವಳಲ್ಲ. ಕೆಲಸಕ್ಕೆ ಸೇರಿದ ವರ್ಷ ಒಂದು ಮಗು ಹೋದಾಗ ಇದ್ದದ್ದನ್ನು ಇದ್ದಂತೆ ಬರೆದಿದ್ದಳು. ಜೀಪಿನಲ್ಲಿ ಐದು ಜನ ಅಧಿಕಾರಿಗಳು ಬಂದರು. ನೀರು ಕುದಿಸಿ ಕೊಟ್ಟಿದ್ದೆಯಾ, ಕೈ ತೊಳೆದು ಉಣಿಸಿದ್ದೆಯಾ ಎಂದು ಸೂತಕದ ಮನೆಯಲ್ಲಿ ಆ ತಾಯಿಯನ್ನು ನಿಲ್ಲಿಸಿ ಕೇಳಿದರು. ನೀಲಗಂಗವ್ವನಿಗೆ ನೋಟಿಸು ಬಂತು. ಒಂದು ಅಂಗನವಾಡಿಯಲ್ಲಿ ಕೆಂಪು ಗೆರೆಯ ಮಕ್ಕಳು ಮೂರಕ್ಕಿಂತ ಹೆಚ್ಚಾದರೂ ನೋಟಿಸೇ. ಆಮೇಲೆ ಮೇಲ್ವಿಚಾರಕಿಯೇ ಮೆಲ್ಲಗೆ ದಾರಿ ತೋರಿಸಿದಳು. ಪೆನ್ಸಿಲಿನಲ್ಲಿ ತಿಂಗಳಿಗೆ ಅರ್ಧ ಕೆಜಿ ಏರಿಸು, ಹೋದವರನ್ನು ವಲಸೆ ಅಂತ ಬರಿ, ಹಮಾಲರು ಹೆಂಗೂ ಊರೂರು ಅಲೆಯುವವರು, ಯಾರು ಕೇಳುತ್ತಾರೆ. ಮೊದಲ ಸಲ ಬರೆದ ದಿನ ನೀಲಗಂಗವ್ವ ಊಟ ಬಿಟ್ಟಿದ್ದಳು. ಎರಡನೆಯ ಸಲ ಬಿಡಲಿಲ್ಲ. ಒಬ್ಬ ತಾಯಿಗೆ ಜೀಪಿನ ಕಾಟ ತಪ್ಪಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಅದರಲ್ಲಿ ಕರುಣೆ ಎಷ್ಟು, ಅಂಜಿಕೆ ಎಷ್ಟು ಎಂದು ಅವಳು ಬೇರ್ಪಡಿಸಿ ನೋಡಲು ಹೋಗಿರಲಿಲ್ಲ.

ಎಲ್ಲವನ್ನೂ ಹೇಳಿದಳು, ಹುಸೇನಬಿಯ ಮೊಮ್ಮಗನನ್ನು ಇದೇ ಚಾಪೆ ಉಳಿಸಿದ್ದನ್ನೂ ಹೇಳಿದಳು. ಕೃತ್ತಿಕಾ ಪರದೆಯಿಂದ ಅವಳ ಕಡೆ ತಿರುಗಿದಳು.

"ನೀವೊಬ್ಬರೇನಾ ಅಮ್ಮ?"

"ನನ್ನ ಸಂಗಾಟ ಟ್ರೇನಿಂಗ್ ಆದೋರು ಅರವತ್ತು ಮಂದಿ. ಎಲ್ಲಾರ ಚೀಲದಾಗೂ ಒಂದು ಪೆನ್ಸಿಲ್ ಇರತಿತ್ತು."

"ಅದಕ್ಕೇ..." ಕೃತ್ತಿಕಾ ನಕಾಶೆಯ ಕಡೆ ನೋಡಿದಳು. "ಹೃದಯದ ತೂತಿನ ವಿಷಯ ಅದು ಆಸ್ಪತ್ರೆಗಳ ಯಂತ್ರಗಳಿಂದ ಕಲಿತದ್ದು. ಅದಕ್ಕೇ ಅಲ್ಲಿ ತಪ್ಪಲ್ಲ. ಹಸಿವೆಯ ವಿಷಯ ಪೂರ್ತಿ ನಿಮ್ಮಿಂದ ಕಲಿತದ್ದು."

"ಹಂಗಾರ ಈಗ ಖರೇದ್ದು ಕಲಸ್ರಿ. ನನಗ ನೆನಪೈತಿ."

ಹೆಸರುಗಳನ್ನು ಹೇಳುತ್ತ ಹೋದಳು. ಪಾರವ್ವ. ಮೌಲಾಸಾಬನ ಮಗ ರಾಜಾ. ಜಡೆಮ್ಮ. ಅವಳಿ ಜವಳಿ ಇದ್ದವರಲ್ಲಿ ಸಣ್ಣವನು. ಒಟ್ಟು ಹನ್ನೊಂದು ಮಕ್ಕಳು. ಪ್ರತಿಯೊಂದರ ವಯಸ್ಸು, ರಟ್ಟೆಯ ಗಾತ್ರ, ಕೊನೆಯ ವಾರದ ನಿಜವಾದ ತೂಕ. ಕೃತ್ತಿಕಾ ಒಂದೊಂದನ್ನೂ ಬರೆದು ಯಂತ್ರಕ್ಕೆ ಕೊಟ್ಟಳು. ಕಡೆಯ ಹೆಸರಿಗೆ ಅವಳ ಕಣ್ಣೂ ತುಂಬಿತ್ತು. ಮತ್ತೆ ಹುಲಿಗಿಯ ಪುಟ ತೆರೆದು ಲೆಕ್ಕ ಹಾಕಿಸಿದಳು.

ತೊಂಬತ್ತಮೂರೂವರೆ.

"ಕದಲಲಿಲ್ಲ," ಎಂದಳು ಕೃತ್ತಿಕಾ. "ನಲವತ್ತು ಲಕ್ಷದ ಎದುರಿಗೆ ಹನ್ನೊಂದು. ಪೂರ್ತಿ ಹೊಸದಾಗಿ ಕಲಿಸಬೇಕು ಅಂದರೆ ನಿಜ ಬರೆದಿಟ್ಟ ಪುಸ್ತಕ ಬೇಕು ಅಮ್ಮ. ಅದು ಎಲ್ಲಿದೆ?"

ಅಂಥ ಪುಸ್ತಕವನ್ನು ಯಾರೂ ಬರೆದಿರಲಿಲ್ಲ.

"ಅದು ಹೋಗ್ಲಿ, ಈ ಒಂದು ಕೂಸಿಗೆ ನೀವ ಕೈಲೆ ಕೆಂಪು ಮಾಡ್ರಿ. ನಿಮ್ಮ ಕೈಯಾಗ ಐತಲ್ರಿ."

"ಆ ದಾರಿ ಮುಚ್ಚಿಬಿಟ್ಟಿದಾರೆ. ಕೈಯಿಂದ ಬರೆಯೋಕೆ ಬಿಟ್ಟರೆ ಸುಳ್ಳು ಸೇರುತ್ತೆ ಅಂತ." ಹೇಳಿ ಮುಗಿಸಿದ ಮೇಲೆ ಕೃತ್ತಿಕಾ ತಲೆ ತಗ್ಗಿಸಿದಳು. "ಒಂದು ಅರ್ಜಿ ಹಾಕ್ತೀನಿ. ಪರಿಶೀಲನಾ ಸಮಿತಿಗೆ. ಇಪ್ಪತ್ತೊಂದು ಕೆಲಸದ ದಿನ ತಗೋತಾರೆ. ಬೇಗ ನೋಡಿ ಅಂತ ನಾನೇ ಹೋಗಿ ಕೇಳ್ತೀನಿ."

ನೀಲಗಂಗವ್ವ ಬೆರಳು ಮಡಿಸಿ ದಿನ ಎಣಿಸಿದಳು. ಹುಲಿಗಿಗೆ ಅಷ್ಟು ದಿನ ಇಲ್ಲವೆಂದು ಅವಳ ಕೈಗೆ ಗೊತ್ತಿತ್ತು.

ಊರಿಗೆ ಬಂದು ಆದದ್ದನ್ನೆಲ್ಲ ಮಾಡಿದಳು. ತನ್ನ ಮನೆಯಿಂದ ಮೊಟ್ಟೆ ಒಯ್ದಳು, ಹಾಲು ಒಯ್ದಳು. ಯಮನೂರ ಮಗಳನ್ನು ಹೊತ್ತುಕೊಂಡು ಪೇಟೆಯ ಒಬ್ಬ ಡಾಕ್ಟರ ಹತ್ತಿರ ಹೋಗಿ ಒಂದು ದಿನ ಅವಳಿಗೆ ಸಲೈನ್ ಬಾಟಲಿ ಹಾಕಿಸಿಕೊಂಡು ಬಂದ. ಎರಡು ದಿನ ಹುಲಿಗಿ ಚುರುಕಾದಳು. ಹುಸೇನಬಿಯ ಬಳೆ ಎಳೆದಳು, ಗಾದಿಲಿಂಗನ ಕೈಯಿಂದ ಚಮಚ ಕಿತ್ತುಕೊಂಡಳು. ಮಾರೆಮ್ಮ ನಕ್ಕು, "ನೋಡ್ರಿ ಅಕ್ಕೋರ, ಚಾಪಿ ಸುಳ್ಳು ಹೇಳಂಗಿಲ್ಲ" ಎಂದಳು. ಆ ಮಾತಿಗೆ ನೀಲಗಂಗವ್ವ ಹೊರಗೆ ಬಂದು, ಗೋಡೆಗೆ ಮುಖ ಮಾಡಿ ಅತ್ತಳು.

ಮುಂದಿನ ಶನಿವಾರ ಹನ್ನೊಂದು ಗಂಟೆಯ ಹೊತ್ತಿಗೆ, ಗಿರಣಿಯ ಅಂಗಳದಲ್ಲಿ, ಒಣಗಲು ಹರವಿದ ಭತ್ತದ ಪಕ್ಕ, ಹುಲಿಗಿ ಅವ್ವನ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಹಿಂದಿನ ದಿನ ಚಾಪೆಯ ಮೇಲೆ ಅವಳನ್ನು ಮಲಗಿಸಿ ನೋಡಿದ್ದರು. ಹಸಿರೇ ಇತ್ತು.

ಏಳು ದಿನ ಕಳೆದ ಮೇಲೆ ಚಾಪೆಯ ಪಕ್ಕದ ಪುಟ್ಟ ಪರದೆ ತಾನಾಗಿ ಬೆಳಗಿ ಹುಲಿಗಿಯ ಪೂರ್ತಿ ಹೆಸರು ತೋರಿಸಿತು. 'ಹುಲಿಗೆಮ್ಮ ಯಮನೂರಪ್ಪ. ಏಳು ದಿನ ಗೈರು. ವಲಸೆ ಹೋಗಿದೆಯೆ?' ಕೆಳಗೆ ಎರಡು ಚೌಕ: ಹೌದು, ಇಲ್ಲ.

ಇಂಥ ಮಕ್ಕಳು ಬಾರದಿದ್ದರೆ ವಲಸೆ ಹೋಗಿರುತ್ತಾರೆ ಎಂಬುದನ್ನೂ ಅದು ಪುಸ್ತಕಗಳಿಂದಲೇ ಕಲಿತಿತ್ತು. ನೀಲಗಂಗವ್ವ 'ಇಲ್ಲ' ಒತ್ತಿದಳು. ಸತ್ತಳು ಎಂದು ಬರೆಯುವ ಜಾಗ ಹುಡುಕಿದಳು. ಜಾಗವಿತ್ತು. ಆದರೆ ಅದು ತೆರೆಯಲು ಆಸ್ಪತ್ರೆಯ ಕಾಗದ ಬೇಕು. ಆಸ್ಪತ್ರೆಯವರು ಸೇರಿಸಿಕೊಳ್ಳದ ಮಗುವಿಗೆ ಆ ಕಾಗದ ಎಲ್ಲಿಂದ ಬರಬೇಕು? ಮರುದಿನ ಪರದೆ ಮತ್ತೆ ಕೇಳಿತು. ಮತ್ತೆ 'ಇಲ್ಲ'. ಹೀಗೆ ಹದಿಮೂರು ದಿನ ನಡೆಯಿತು. ಜೀವಮಾನದಲ್ಲಿ ಒಂದು ಸಲವಾದರೂ ಸುಳ್ಳು ಬರೆಯದೆ ನಿಲ್ಲುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಜೀಪಿನವರು ಬರಲಿ, ಕೆಲಸ ಹೋಗಲಿ, ಈಗ ಯಾವುದಕ್ಕೂ ಅಂಜಿಕೆಯಿರಲಿಲ್ಲ.

ಹದಿನಾಲ್ಕನೆಯ ದಿನ ಮಾರೆಮ್ಮ ಬಂದಳು. ಸೊಂಟದ ಮೇಲೆ ಗಾದಿಲಿಂಗ.

"ಇವಗ ಮೂರು ತುಂಬಿದುವ್ರಿ ಅಕ್ಕೋರ. ಇನ್ನ ಅಂಗಳಕ್ಕ ಕರಕೊಂಡು ಹೋಗೂದಾಗಂಗಿಲ್ಲ. ಇಲ್ಲೆ ಇರಲಿ. ಒಂದು ಹೊತ್ತರ ಹೊಟ್ಟಿ ತುಂಬ ಉಣ್ಣಲಿ."

ನೀಲಗಂಗವ್ವ ಅವನ ಹೆಸರು ಸೇರಿಸಲು ಹೋದಳು. ಪರದೆ ಒಪ್ಪಲಿಲ್ಲ. ಅಂಗನವಾಡಿಗೆ ಮೂವತ್ತು ಮಕ್ಕಳು, ಮೂವತ್ತೂ ಭರ್ತಿ. ಮೂವತ್ತನೆಯದು ಹುಲಿಗೆಮ್ಮ. ಆ ಹೆಸರು ಮುಗಿಯದೆ ಹೊಸ ಹೆಸರು ಹತ್ತುವುದಿಲ್ಲ, ಹೆಸರಿಲ್ಲದ ಮಗುವಿಗೆ ಊಟ ಬರುವುದಿಲ್ಲ. ಪರದೆ ಮತ್ತದೇ ಪ್ರಶ್ನೆ ಹಿಡಿದು ನಿಂತಿತು.

"ಏನಂತೈತ್ರಿ?" ಮಾರೆಮ್ಮನಿಗೆ ಓದು ಬರುತ್ತಿರಲಿಲ್ಲ.

ನೀಲಗಂಗವ್ವ ಇದ್ದದ್ದನ್ನು ಇದ್ದಂತೆ ಓದಿ ಹೇಳಿದಳು. ಮಾರೆಮ್ಮ ಮಗನ ತಲೆ ಸವರಿದಳು.

"ಒತ್ತಿಬಿಡ್ರಿ ಅಕ್ಕೋರ. ಹೋದಾಕಿ ಎಲ್ಲಿಗಾರ ಹೋಗ್ಯಾಳ ಅಂತ ಇರಲಿ."

"ನಿನಗ ತಿಳಿಯಂಗಿಲ್ಲ ಮಾರೆವ್ವ. ಇದನ್ನ ಒತ್ತಿದ್ರ ಚಾಪಿ ಮತ್ತ ಅದ ಸುಳ್ಳು ಕಲೀತೈತಿ."

"ಏನರ ಕಲೀಲ್ರಿ. ಇಂವಾ ಮುಂಜಾನಿಂದ ಏನೂ ತಿಂದಿಲ್ಲ."

ಹುಸೇನಬಿ ಒಲೆಯ ಮುಂದೆ ಸಾರಿನ ಸೌಟು ಹಿಡಿದುಕೊಂಡು ಕಾಯುತ್ತಿದ್ದಳು. ಪಾತ್ರೆಯಲ್ಲಿ, ಗೈರಾದ ಹುಲಿಗಿಯ ಪಾಲು ಕಳೆದು, ಇಪ್ಪತ್ತೊಂಬತ್ತು ಮಕ್ಕಳಿಗೆ ಅಳೆದು ಬಂದ ಅನ್ನವಿತ್ತು. ಇವತ್ತು ಒಬ್ಬನಿಗೆ ಹಂಚಿ ಹಾಕಬಹುದು, ನಾಳೆಯೂ ಹಾಕಬಹುದು. ವರ್ಷವಿಡೀ ಬೇರೆ ಮಕ್ಕಳ ತಟ್ಟೆಯಿಂದ ತೆಗೆಯಲಾಗುವುದಿಲ್ಲ, ಆ ಮಕ್ಕಳೂ ಇದೇ ಓಣಿಯವು. ನೀಲಗಂಗವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು 'ಹೌದು' ಮೇಲೆ ಒತ್ತಿದಳು.

ಹುಲಿಗಿಯ ಹೆಸರು ಪರದೆಯಿಂದ ಜಾರಿತು. ಅದರ ಹಿಂದೆಯೇ ಒಂದು ಸಾಲು ಬಂತು. 'ಪರಿಶೀಲನಾ ಸಮಿತಿಯ ಮುಂದಿದ್ದ ಅರ್ಜಿ: ಮಗು ವಲಸೆ ಹೋಗಿರುವುದರಿಂದ ಮುಕ್ತಾಯಗೊಳಿಸಲಾಗಿದೆ.'

ಗಾದಿಲಿಂಗನನ್ನು ಇಳಿಸಿ ಚಾಪೆಯ ಮೇಲೆ ನಿಲ್ಲಿಸಿದರು. ನೀಲಗಂಗವ್ವ ಅವನ ರಟ್ಟೆ ಹಿಡಿದು ನೋಡಿದಳು. ಪರದೆಯಲ್ಲಿ ತೂಕ ಮೂಡುವ ಮೊದಲೇ ಅವಳಿಗೆ ಗೊತ್ತಾಯಿತು. ಒಂಬತ್ತೂ ಮುಕ್ಕಾಲು ಕೆಜಿ. ಹಳೆಯ ಪಟ್ಟಿಯಲ್ಲಾದರೆ ಕೆಂಪು ಗೆರೆಗಿಂತ ಕೆಳಗೆ.

ದೀಪ ಒಂದು ಗಳಿಗೆ ಮಿನುಗಿ ಹಸಿರಾಯಿತು. ಗಾದಿಲಿಂಗ ಆ ಬೆಳಕು ಕಂಡು ಖುಷಿಯಾಗಿ ಚಪ್ಪಾಳೆ ತಟ್ಟಿದ. ಮಾರೆಮ್ಮ ದೀಪದ ಕಡೆ ನೋಡಿದಳು. ತಲೆಗೆ ಬಟ್ಟೆ ಸುತ್ತಿಕೊಂಡು ಭತ್ತ ಮಗುಚಲು ಗಿರಣಿಗೆ ಹೋದಳು.